ಮುಂದೆ ಯಾವ ದೇಶ? ವಿದೇಶದಲ್ಲಿ ಇಂಗ್ಲಿಷ್ ಕಲಿಸುವವರು ಊರು ಆರಿಸಿಕೊಳ್ಳುವ ಬಗೆ

ಕಾಂಟ್ರಾಕ್ಟ್ ಮುಗಿಯಲು ಇನ್ನೂ ನಾಲ್ಕೈದು ತಿಂಗಳಿರುವಾಗಲೇ ಸ್ಟಾಫ್ ರೂಮಿನಲ್ಲಿ ಮಾತು ಶುರುವಾಗುತ್ತದೆ. ಮುಂದೆ ಎಲ್ಲಿಗೆ? ಒಬ್ಬರು ವಿಯೆಟ್ನಾಂ ಅಗ್ಗ ಅನ್ನುತ್ತಾರೆ. ಇನ್ನೊಬ್ಬರು ಕೊರಿಯಾದಲ್ಲಿ ದುಡ್ಡು ಉಳಿಯುತ್ತದೆ ಅನ್ನುತ್ತಾರೆ. ಮೂರನೆಯವರು ಸ್ಪೇನಿನ ಬಿಸಿಲಿನ ಫೋಟೋ ತೋರಿಸುತ್ತಾರೆ. ಮೂವರೂ ಹೇಳುವುದು ನಿಜವೇ, ಆದರೆ ನಿಮಗೆ ಅದರಿಂದ ಪ್ರಯೋಜನ ಕಮ್ಮಿ. ನಿಮ್ಮ ವರ್ಷ ಹೇಗೆ ಕಳೆಯುತ್ತದೆ ಅನ್ನುವುದನ್ನು ದೇಶದ ಹೆಸರಿಗಿಂತ ಜಾಸ್ತಿ ತೀರ್ಮಾನಿಸುವುದು ನಿಮ್ಮ ಟೈಮ್‌ಟೇಬಲ್, ನೀವು ಮಲಗುವ ಕೋಣೆ, ನಿಮ್ಮ ವೀಸಾದ ಜುಟ್ಟು ಯಾರ ಕೈಯಲ್ಲಿದೆ ಅನ್ನುವ ಸಂಗತಿ.

ಹಾಗಾಗಿ ಇಲ್ಲಿ ಹೇಳುವ ಕ್ರಮ ಸ್ವಲ್ಪ ಉಲ್ಟಾ. ಭೂಪಟವನ್ನು ಸದ್ಯಕ್ಕೆ ಮಡಚಿಡಿ. ಅದು ಬೇಕಾಗುವುದು ಐದನೇ ಹೆಜ್ಜೆಯಲ್ಲಿ.

1. ಈಗಿರುವ ಜಾಗದ ಲೆಕ್ಕ ಮೊದಲು

ಒಂದು ಹಾಳೆಯಲ್ಲಿ ಈ ವರ್ಷ ನಿಮ್ಮನ್ನು ಕಾಡಿದ ಸಂಗತಿಗಳನ್ನೆಲ್ಲ ಬರೆಯಿರಿ. ಆಮೇಲೆ ಪ್ರತಿಯೊಂದರ ಪಕ್ಕ ಅದು ದೇಶದ ತೊಂದರೆಯೋ, ಕೆಲಸದ ತೊಂದರೆಯೋ, ನಿಮ್ಮದೇ ತೊಂದರೆಯೋ ಅಂತ ಗುರುತು ಹಾಕಿ. ರಾತ್ರಿ ಹತ್ತಕ್ಕೆ ಕೆಲಸ ಮುಗಿಯುತ್ತಿದ್ದುದರಿಂದ ಗೆಳೆಯರೇ ಸಿಗಲಿಲ್ಲ ಅನ್ನುವುದು ಕೆಲಸದ ತೊಂದರೆ. ಅದೇ ಊರಿನಲ್ಲಿ ಬೆಳಗಿನ ಶಾಲೆಗೆ ಸೇರಿದರೆ ಸರಿಹೋಗಬಹುದು. ಆರು ತಿಂಗಳ ಚಳಿ ತಡೆಯಲಾಗಲಿಲ್ಲ ಅನ್ನುವುದು ದೇಶದ್ದು. ಭಾಷೆ ಕಲಿಯುತ್ತೇನೆ ಅಂತ ಪುಸ್ತಕ ಕೊಂಡು ತೆರೆಯಲೇ ಇಲ್ಲವೇ? ಅದು ನಿಮ್ಮ ಜೊತೆಗೇ ವಿಮಾನ ಹತ್ತುತ್ತದೆ, ಯಾವ ದೇಶಕ್ಕೆ ಹೋದರೂ.

ಈ ಪಟ್ಟಿಯಲ್ಲಿ ಕೆಲಸದ ತೊಂದರೆಗಳೇ ಜಾಸ್ತಿ ಕಂಡರೆ ಆಶ್ಚರ್ಯವಿಲ್ಲ. ದೇಶ ಬಿಡುತ್ತೇನೆ ಅನ್ನುವ ಬಹಳಷ್ಟು ಜನ ನಿಜವಾಗಿ ಬಿಡಬೇಕಾದದ್ದು ಶಾಲೆಯನ್ನು. ಅಂಥವರು ಅದೇ ದೇಶದಲ್ಲಿ ಬೇರೆ ಕೆಲಸ ನೋಡುವುದು ಎಷ್ಟೋ ಅಗ್ಗ. ಭಾಷೆ ಅಷ್ಟಿಷ್ಟು ಬಂದಿರುತ್ತದೆ, ಬ್ಯಾಂಕ್ ಖಾತೆ ಇರುತ್ತದೆ, ಯಾವ ಏಜೆಂಟ್ ಸುಳ್ಳು ಹೇಳುತ್ತಾನೆ ಅನ್ನುವುದೂ ಗೊತ್ತಿರುತ್ತದೆ.

2. ಪಾಸ್‌ಪೋರ್ಟ್ ಮತ್ತು ಕಾಗದ ಪತ್ರ ಯಾವ ಬಾಗಿಲು ತೆರೆಯುತ್ತವೆ

ಇದು ಬೇಜಾರಿನ ಹೆಜ್ಜೆ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಹಗಲುಗನಸು. ಈ ಕ್ಷೇತ್ರದಲ್ಲಿ ನೀವು ಎಷ್ಟು ಚೆನ್ನಾಗಿ ಕಲಿಸುತ್ತೀರಿ ಅನ್ನುವುದಕ್ಕಿಂತ ಮೊದಲು ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳುತ್ತಾರೆ. ಅನ್ಯಾಯವೇ. ಇಂಗ್ಲಿಷ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘವಾದ ಟೀಸಾಲ್ 2006ರಲ್ಲೇ ಈ ತಾರತಮ್ಯದ ವಿರುದ್ಧ ಹೇಳಿಕೆ ಕೊಟ್ಟಿತು. ವೀಸಾ ಕಚೇರಿಗಳು ಮಾತ್ರ ಕಿವಿಗೆ ಹಾಕಿಕೊಂಡಿಲ್ಲ.

ದಕ್ಷಿಣ ಕೊರಿಯಾ ಭಾಷಾ ಶಿಕ್ಷಕರಿಗೆ ಕೊಡುವ ಇ-2 ವೀಸಾ ಸಾಮಾನ್ಯವಾಗಿ ಸಿಗುವುದು ಏಳು ದೇಶಗಳವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ. ಭಾರತ ಆ ಪಟ್ಟಿಯಲ್ಲಿಲ್ಲ. ಆದರೆ 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದದಲ್ಲಿ ಒಂದು ಸಣ್ಣ ಕಿಟಕಿ ಇದೆ. ಶಿಕ್ಷಕರ ಅರ್ಹತಾಪತ್ರ ಇರುವವರು ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಿ ಹೋಗಬಹುದು. ಖಾಸಗಿ ಟ್ಯೂಷನ್ ಕೇಂದ್ರಗಳಿಗೆ ಅದು ನಡೆಯುವುದಿಲ್ಲ. ಚೀನಾದಲ್ಲಿ ಕೆಲಸದ ವೀಸಾಕ್ಕೆ ಡಿಗ್ರಿ ಬೇಕು, ಅದರ ಜೊತೆ ಎರಡು ವರ್ಷದ ಅನುಭವ ಅಥವಾ ಟೆಫಲ್, ಅಂದರೆ ಪರಭಾಷಿಕರಿಗೆ ಇಂಗ್ಲಿಷ್ ಕಲಿಸುವ ತರಬೇತಿಯ ಸರ್ಟಿಫಿಕೇಟ್ ಬೇಕು. ಇಂಗ್ಲಿಷ್ ಮಾತೃಭಾಷೆಯಾದ ದೇಶದವರಿಗೇ ಅಲ್ಲಿ ದಾರಿ ಸಲೀಸು. ಥಾಯ್ಲೆಂಡ್, ವಿಯೆಟ್ನಾಂ, ಕಾಂಬೋಡಿಯಾ ಈ ವಿಷಯದಲ್ಲಿ ಸಡಿಲ. ಬೇರೆ ಪಾಸ್‌ಪೋರ್ಟಿನವರು ಟೋಯಿಕ್ ಅಥವಾ ಐಇಎಲ್‌ಟಿಎಸ್‌ನಂಥ ಪರೀಕ್ಷೆಯ ಅಂಕ ತೋರಿಸಿ ಕೆಲಸ ಹಿಡಿಯಬಹುದು. ಸಂಬಳದಲ್ಲಿ ಮಾತ್ರ ವ್ಯತ್ಯಾಸ ಮಾಡುತ್ತಾರೆ. ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಪಾಸ್‌ಪೋರ್ಟ್ ಬದಲಾಯಿಸಲಾಗದು, ಕಾಗದಗಳನ್ನು ಬದಲಾಯಿಸಬಹುದು. ಪಾಸ್‌ಪೋರ್ಟಿನ ತಾರತಮ್ಯವನ್ನು ದಾಟಲು ಇರುವ ಗಟ್ಟಿ ದಾರಿ ಅಂದರೆ ಶಿಕ್ಷಕರ ಲೈಸೆನ್ಸ್. ಬಿ.ಎಡ್. ಜೊತೆ ಎರಡು ವರ್ಷ ಶಾಲೆಯಲ್ಲಿ ಕಲಿಸಿದ ಅನುಭವ ಇದ್ದರೆ ಕೊಲ್ಲಿ ದೇಶಗಳ ಶಾಲೆಗಳು, ಹಲವು ಕಡೆಯ ಇಂಟರ್‌ನ್ಯಾಷನಲ್ ಶಾಲೆಗಳು ನಿಮ್ಮ ಅರ್ಜಿ ಓದುತ್ತವೆ. ಆನ್‌ಲೈನಿನಲ್ಲಿ ವಾರಾಂತ್ಯದಲ್ಲಿ ಮುಗಿಸುವ ಟೆಫಲ್ ಸರ್ಟಿಫಿಕೇಟಿಗೆ ಅಷ್ಟು ಬೆಲೆ ಇಲ್ಲ. ಕೇಂಬ್ರಿಜ್‌ನ ಸೆಲ್ಟಾ ಅಥವಾ ಟ್ರಿನಿಟಿಯ ಸರ್ಟ್‌ಟೀಸಾಲ್ ಅನ್ನುವ ಶಿಕ್ಷಕರ ತರಬೇತಿ ಕೋರ್ಸುಗಳದ್ದು ಬೇರೆ ಮಾತು. ಸೆಲ್ಟಾದಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ ಮಾಡಿ ತೋರಿಸಬೇಕು, ಹಿಂದೆ ಕೂತು ಒಬ್ಬರು ಬರೆದುಕೊಳ್ಳುತ್ತಿರುತ್ತಾರೆ. ಯುರೋಪಿನ ಒಳ್ಳೆಯ ಭಾಷಾ ಶಾಲೆಗಳು ಕೇಳುವುದು ಇದನ್ನೇ. ವಿಶ್ವವಿದ್ಯಾಲಯಗಳಿಗೆ ಹೋಗುವ ಆಸೆ ಇದ್ದರೆ ಎಂ.ಎ. ಇಲ್ಲದೆ ಬಾಗಿಲು ತಟ್ಟುವುದೇ ದಂಡ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ಈಗಿರುವ ಅರ್ಹತೆಯಲ್ಲಿ ಸಿಗುವ ಊರುಗಳು ನಿಮಗೆ ಒಂದೂ ಇಷ್ಟವಾಗದಿದ್ದರೆ, ಮುಂದಿನ ವರ್ಷವನ್ನು ಅಗ್ಗದ ಊರಿನಲ್ಲಿದ್ದುಕೊಂಡು ಓದಿಗೆ ಇಡುವುದು ಮೇಲು. ಸುಮ್ನೆ ಇನ್ನೊಂದು ದೇಶಕ್ಕೆ ಹೋಗಿ ಅದೇ ದರ್ಜೆಯ ಕೆಲಸ ಮಾಡಿದರೆ ಆ ಮುಂದಿನ ವರ್ಷ ಮತ್ತೆ ಇದೇ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ.

3. ದೇಶಕ್ಕಿಂತ ಮೊದಲು ಕೆಲಸದ ಜಾತಿ

ಇಂಗ್ಲಿಷ್ ಕಲಿಸುವ ಕೆಲಸ ಅಂದರೆ ಒಂದೇ ಕೆಲಸ ಅಲ್ಲ. ಯಾವ ಜಾತಿಯ ಕೆಲಸ ಅನ್ನುವುದರ ಮೇಲೆ ನಿಮ್ಮ ದಿನದ ಆಕಾರವೇ ಬದಲಾಗುತ್ತದೆ.

ಟ್ಯೂಷನ್ ಕೇಂದ್ರಗಳಿಂದ ಶುರುಮಾಡೋಣ. ಕೊರಿಯಾದಲ್ಲಿ ಹಗ್ವಾನ್, ತೈವಾನಿನಲ್ಲಿ ಬುಶಿಬಾನ್ ಅನ್ನುತ್ತಾರೆ. ಮಕ್ಕಳು ಶಾಲೆ ಮುಗಿಸಿ ಬರುವುದರಿಂದ ಕೆಲಸ ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತು, ಹತ್ತರ ತನಕ. ವಿಯೆಟ್ನಾಮಿನ ಭಾಷಾ ಕೇಂದ್ರಗಳಲ್ಲಿ ಶನಿವಾರ, ಭಾನುವಾರವೇ ಅತಿ ಹೆಚ್ಚು ತರಗತಿ. ಬೆಳಗ್ಗೆ ಬರೆಯುವವರಿಗೆ, ಓದುವವರಿಗೆ, ತಡವಾಗಿ ಏಳುವವರಿಗೆ ಇದು ಒಗ್ಗುತ್ತದೆ. ಊರಿನವರ ಜೊತೆ ಬೆರೆಯಬೇಕು ಅನ್ನುವವರಿಗೆ ಒಗ್ಗುವುದಿಲ್ಲ, ಎಲ್ಲರೂ ಬಿಡುವಾಗಿರುವ ಹೊತ್ತಿಗೇ ನೀವು ಬೋರ್ಡಿನ ಮುಂದೆ ನಿಂತಿರುತ್ತೀರಿ.

ಸರ್ಕಾರಿ ಶಾಲೆಯ ಸಹಾಯಕ ಹುದ್ದೆಗಳದ್ದು ಇನ್ನೊಂದು ಬಗೆ. ಜಪಾನಿನ ಜೆಟ್ ಯೋಜನೆ 1987ರಿಂದ, ಕೊರಿಯಾದ ಎಪಿಕ್ 1995ರಿಂದ ನಡೆಯುತ್ತಿವೆ. ಹಗಲು ಹೊತ್ತಿನ ಕೆಲಸ, ನಿಶ್ಚಿತ ಸಂಬಳ, ಸರ್ಕಾರದ ಬೆನ್ನು. ಎಪಿಕ್‌ನಲ್ಲಿ ವಾರಕ್ಕೆ 22 ತರಗತಿ, ಉಳಿದ ಹೊತ್ತು ಮೇಜಿನ ಮುಂದೆ. ತೊಂದರೆ ಏನೆಂದರೆ ಊರು ನಿಮ್ಮ ಆಯ್ಕೆಯಲ್ಲ. ಇಷ್ಟದ ಜಾಗ ಬರೆಯಲು ಫಾರಂನಲ್ಲಿ ಜಾಗವಿದೆ, ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಟೋಕಿಯೊ ಅಂತ ಬರೆದು ಮೀನುಗಾರರ ದ್ವೀಪಕ್ಕೆ ಹೋದವರಿದ್ದಾರೆ. ಅವರಲ್ಲಿ ಕೆಲವರು ಆ ದ್ವೀಪ ಬಿಟ್ಟು ಬರಲು ಒಪ್ಪದೆ ಐದು ವರ್ಷದ ಮಿತಿ ಮುಗಿಸಿಯೇ ಬಂದರು ಅನ್ನುವುದೂ ಅಷ್ಟೇ ನಿಜ. 'ಎಲ್ಲಿ' ಅನ್ನುವುದೇ ನಿಮಗೆ ಮುಖ್ಯವಾದರೆ ಈ ದಾರಿ ಬೇಡ.

ಸ್ಪೇನಿನ ಭಾಷಾ ಸಹಾಯಕರ ಯೋಜನೆ ಮೂರನೇ ಬಗೆ. ವಾರಕ್ಕೆ 12ರಿಂದ 16 ಗಂಟೆ ಕೆಲಸ, ತಿಂಗಳಿಗೆ 800ರಿಂದ 1,000 ಯೂರೋ ಆಸುಪಾಸು. ಅದು ಸಂಬಳ ಅಲ್ಲ, ಭತ್ಯೆ. ದುಡ್ಡು ಉಳಿಸಲು ಹೋಗುವ ಜಾಗವೂ ಅಲ್ಲ. ಭಾಷೆ ಕಲಿಯಲು, ಬದುಕಲು ಹೋಗುವ ಜಾಗ. ಕೆಲವು ಪ್ರಾಂತ್ಯಗಳಲ್ಲಿ ಮೊದಲ ಕಂತು ತಡವಾಗುವುದು ಹೊಸದೇನಲ್ಲ, ಹಾಗಾಗಿ ಎರಡು ಮೂರು ತಿಂಗಳ ಖರ್ಚು ಕೈಯಲ್ಲಿರಲೇಬೇಕು.

ಪ್ರಾಗ್‌ನಂಥ ಊರುಗಳಲ್ಲಿ ಸ್ವತಂತ್ರವಾಗಿ ಕಲಿಸುವವರು ತುಂಬ. ವ್ಯಾಪಾರ ಪರವಾನಗಿ ಮಾಡಿಸಿಕೊಂಡು ಕಂಪನಿಗಳಿಗೆ ಹೋಗಿ ಪಾಠ ಮಾಡುತ್ತಾರೆ. ಬೆಳಗ್ಗೆ ಏಳೂವರೆಗೆ ಒಂದು ತರಗತಿ, ಮಧ್ಯಾಹ್ನ ಖಾಲಿ, ಸಂಜೆ ಐದಕ್ಕೆ ಊರಿನ ಆ ತುದಿಯಲ್ಲಿ ಇನ್ನೊಂದು. ಬೇಸಿಗೆ ಬಂತೆಂದರೆ ಕಂಪನಿಯವರು ರಜೆ ಹೋಗುತ್ತಾರೆ, ನಿಮ್ಮ ಆದಾಯವೂ ಅವರ ಜೊತೆಗೇ ಹೋಗುತ್ತದೆ. ಇಂಟರ್‌ನ್ಯಾಷನಲ್ ಶಾಲೆ, ವಿಶ್ವವಿದ್ಯಾಲಯಗಳ ವಿಷಯ ಉದ್ದ ಬೇಡ. ಅರ್ಹತೆ ಇದ್ದರೆ ಅವೇ ಮೊದಲ ಆಯ್ಕೆ.

ಯಾವ ಜಾತಿ ಎಷ್ಟು ಭದ್ರ ಅನ್ನುವುದನ್ನೂ ನೋಡಬೇಕು. 2021ರ ಜುಲೈಯಲ್ಲಿ ಚೀನಾ ಸರ್ಕಾರ ಶಾಲಾ ವಿಷಯಗಳ ಖಾಸಗಿ ಟ್ಯೂಷನ್ ಮೇಲೆ ಕಡಿವಾಣ ಹಾಕಿತು. ಕೆಲವೇ ತಿಂಗಳಲ್ಲಿ ಮಕ್ಕಳ ಇಂಗ್ಲಿಷ್ ಕೇಂದ್ರಗಳು ಸಾಲಾಗಿ ಮುಚ್ಚಿದವು. ಅದೇ ಊರಿನ ಶಾಲೆಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಇದ್ದವರಿಗೆ ಕೆಲಸ ಉಳಿಯಿತು.

4. ಸಂಬಳ ಬಿಡಿ, ಉಳಿಯುವುದು ಎಷ್ಟು?

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವ ಸಂಖ್ಯೆ ಮೇಲೆ ಕಣ್ಣಿಡಬೇಡಿ. ಸಂಬಳ 100 ಅಂತಿಟ್ಟುಕೊಳ್ಳಿ. ಮೊದಲ ಊರಿನಲ್ಲಿ ಮನೆ ಶಾಲೆಯದ್ದೇ. ತೆರಿಗೆ, ವಿಮೆಗೆ 10, ಊಟ, ಓಡಾಟ, ಫೋನಿಗೆ 40. ಉಳಿಯುವುದು 50. ಎರಡನೇ ಊರಿನಲ್ಲಿ ಸಂಬಳ 150. ಬಾಡಿಗೆ 55, ತೆರಿಗೆ 25, ಉಳಿದ ಖರ್ಚು 45. ಉಳಿಯುವುದು 25. ಸಂಬಳ ಒಂದೂವರೆ ಪಟ್ಟು, ಉಳಿತಾಯ ಅರ್ಧ. ಪ್ರತಿ ಊರಿಗೂ ಹೀಗೆ ಒಂದು ಹಾಳೆ ಮಾಡಿ. ಬಾಡಿಗೆಯ ಅಂಕಿಯನ್ನು ಏಜೆಂಟ್ ಬಾಯಿಂದ ಕೇಳಬೇಡಿ, ಶಾಲೆಯ ಸುತ್ತಲಿನ ಬೀದಿಗಳ ಬಾಡಿಗೆ ಜಾಹೀರಾತುಗಳನ್ನೇ ತೆರೆದು ನೋಡಿ.

ಹಾಳೆಯಲ್ಲಿ ಮರೆಯುವ ಕೆಲವು ಸಾಲುಗಳಿವೆ.

ಮೊದಲನೆಯದು ಸೇರುವ ಖರ್ಚು. ಜಪಾನಿನಲ್ಲಿ ಬಾಡಿಗೆ ಮನೆ ಹಿಡಿಯುವಾಗ ಠೇವಣಿ ಒಂದೇ ಅಲ್ಲ, ಎಷ್ಟೋ ಕಡೆ ಮಾಲೀಕರಿಗೆ 'ರೇಕಿನ್' ಅಂತ ವಾಪಸ್ ಬಾರದ ಕಾಣಿಕೆಯನ್ನೂ ಕೊಡಬೇಕು, ಜೊತೆಗೆ ಜಾಮೀನು ಕಂಪನಿಯ ಶುಲ್ಕ. ಕೊರಿಯಾದ ಹೆಚ್ಚಿನ ಶಾಲೆಗಳು ಮನೆ ಕೊಡುತ್ತವೆ, ಹಾಗಾಗಿ ಅಲ್ಲಿ ಈ ಹೊರೆ ಇಲ್ಲ. ಬರುವಾಗ ಕೈಯಲ್ಲಿ ಎಷ್ಟಿರಬೇಕು ಅನ್ನುವ ಒಂದೇ ಅಂಶ ಈ ಎರಡು ದೇಶಗಳ ನಡುವಿನ ತೀರ್ಮಾನವನ್ನು ಮಾಡಿಬಿಡಬಹುದು.

ಎರಡನೆಯದು ಸಂಬಳ ಎಷ್ಟು ತಿಂಗಳಿಗೆ? ಥಾಯ್ಲೆಂಡಿನಲ್ಲಿ ಏಜೆನ್ಸಿ ಮೂಲಕ ಸೇರಿದವರಿಗೆ ಹತ್ತು ತಿಂಗಳ ಕಾಂಟ್ರಾಕ್ಟ್ ಕೊಡುವುದು ಸಾಮಾನ್ಯ. ಮಾರ್ಚ್, ಏಪ್ರಿಲ್ ರಜೆಗೆ ಕಾಸಿಲ್ಲ. ವಿಯೆಟ್ನಾಮಿನಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಚಾಂದ್ರಮಾನ ಹೊಸವರ್ಷದ ವಾರಗಳೆಲ್ಲ ಖಾಲಿ. ವರ್ಷದಲ್ಲಿ ಕೈಗೆ ಬರುವ ಒಟ್ಟು ಸಂಬಳವನ್ನು ಹನ್ನೆರಡರಿಂದ ಭಾಗಿಸಿ ನೋಡಿದಾಗಲೇ ನಿಜವಾದ ಅಂಕಿ ಕಾಣುವುದು.

ಮೂರನೆಯದು ತೆರಿಗೆಯ ಕ್ಯಾಲೆಂಡರ್. ತೈವಾನಿನಲ್ಲಿ ಒಂದು ಕ್ಯಾಲೆಂಡರ್ ವರ್ಷದಲ್ಲಿ 183 ದಿನ ಇರದವರನ್ನು ಹೊರಗಿನವರಂತೆ ಲೆಕ್ಕ ಹಿಡಿದು ಸಾಮಾನ್ಯವಾಗಿ 18 ಶೇಕಡಾ ಕಡಿಯುತ್ತಾರೆ. ಸೆಪ್ಟೆಂಬರಿನಲ್ಲಿ ಇಳಿದವರಿಗೆ ಆ ವರ್ಷ 183 ದಿನ ತುಂಬುವುದೇ ಇಲ್ಲ. ಫೆಬ್ರವರಿಯಲ್ಲಿ ಇಳಿದವರಿಗೆ ತುಂಬುತ್ತದೆ, ಜಾಸ್ತಿ ಕಡಿದದ್ದು ತೆರಿಗೆ ಲೆಕ್ಕ ಕೊಟ್ಟ ಮೇಲೆ ವಾಪಸ್ ಬರುತ್ತದೆ. ಕೆಲಸ ಅದೇ, ಸಂಬಳ ಅದೇ, ತಿಂಗಳು ಮಾತ್ರ ಬೇರೆ.

ಇನ್ನು ಕೊನೆಯದು, ಎಲ್ಲಕ್ಕಿಂತ ಕೈ ಕಚ್ಚುವಂಥದ್ದು: ಯಾವ ಹಣದಲ್ಲಿ ಸಂಬಳ? ಜೆಟ್ ಯೋಜನೆಯಲ್ಲಿ ಮೊದಲ ವರ್ಷದವರಿಗೆ ಬಹಳ ಕಾಲ 33.6 ಲಕ್ಷ ಯೆನ್ ಸಂಬಳವಿತ್ತು. 2021ರ ಆರಂಭದಲ್ಲಿ ಡಾಲರಿಗೆ ಸುಮಾರು 105 ಯೆನ್ ಇದ್ದಾಗ ಅದು 32,000 ಡಾಲರ್. 2024ರ ಜುಲೈ ಹೊತ್ತಿಗೆ ಡಾಲರಿಗೆ 160 ಯೆನ್ ಮುಟ್ಟಿದಾಗ ಅದೇ ಸಂಬಳ 21,000 ಡಾಲರ್. ಪಾಠ ಅಷ್ಟೇ, ಮಕ್ಕಳು ಅಷ್ಟೇ, ಮೂರನೇ ಒಂದು ಭಾಗ ಗಾಳಿಗೆ ಹೋಯಿತು. 2025ರಲ್ಲಿ ಸಂಬಳವನ್ನು 40.2 ಲಕ್ಷ ಯೆನ್‌ಗೆ ಏರಿಸಿದರು. ಟರ್ಕಿಯಲ್ಲಿ 2022ರ ಅಕ್ಟೋಬರಿನಲ್ಲಿ ವಾರ್ಷಿಕ ಬೆಲೆಯೇರಿಕೆ 85 ಶೇಕಡಾ ದಾಟಿತ್ತು. ಈಜಿಪ್ಟ್ 2024ರ ಮಾರ್ಚ್‌ನಲ್ಲಿ ತನ್ನ ಪೌಂಡನ್ನು ಮಾರುಕಟ್ಟೆಗೆ ಬಿಟ್ಟಾಗ ಡಾಲರಿಗೆ 31 ಇದ್ದದ್ದು 50ರ ಹತ್ತಿರ ಹೋಯಿತು.

ನಿಮಗೆ ಹೊರದೇಶದಲ್ಲಿ ತೀರಿಸಬೇಕಾದ ಸಾಲವೋ, ಮನೆಗೆ ಕಳಿಸಬೇಕಾದ ದುಡ್ಡೋ ಇದ್ದರೆ ಹಣ ಗಟ್ಟಿ ಇರುವ ದೇಶ ಆರಿಸಿ. ಕೊಲ್ಲಿ ದೇಶಗಳಲ್ಲಿ ಯುಎಇಯ ದಿರ್ಹಮ್, ಸೌದಿಯ ರಿಯಾಲ್ ಡಾಲರಿಗೆ ಕಟ್ಟಿಹಾಕಿದವು, ಸಂಬಳಕ್ಕೆ ಆದಾಯ ತೆರಿಗೆಯೂ ಇಲ್ಲ. ಕಾಂಬೋಡಿಯಾದಲ್ಲಿ ಸಂಬಳ ಕಮ್ಮಿ, ಆದರೆ ಡಾಲರಿನಲ್ಲೇ ಕೊಡುತ್ತಾರೆ. ದುಡಿದದ್ದನ್ನು ಅಲ್ಲೇ ಖರ್ಚು ಮಾಡುತ್ತೇನೆ, ತಿರುಗಾಡುತ್ತೇನೆ ಅನ್ನುವವರು ಈ ಪ್ಯಾರಾಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

5. ಈಗ ಭೂಪಟ ಬಿಚ್ಚಿ: ದೇಶ ಅಲ್ಲ, ಊರು

ಇಷ್ಟು ಜರಡಿ ಹಿಡಿದ ಮೇಲೆ ಮೂರು ನಾಲ್ಕು ದೇಶ ಉಳಿದಿರುತ್ತವೆ. ಅವುಗಳೊಳಗೆ ಊರು ಹುಡುಕಬೇಕು. ವಿಯೆಟ್ನಾಂ ಅಂತ ಒಂದು ಊರಿಲ್ಲ. ಹನೋಯ್‌ನಲ್ಲಿ ಚಳಿಗಾಲ ಬೂದು ಬಣ್ಣದ್ದು, ತೇವದ್ದು, ಗಾಳಿ ಕೆಟ್ಟಿರುತ್ತದೆ. ಹೋ ಚಿ ಮಿನ್ ನಗರದಲ್ಲಿ ವರ್ಷವಿಡೀ ಸೆಕೆ, ಕೆಲಸ ಬೇಕಾದಷ್ಟು. ದನಾಂಗ್‌ನಲ್ಲಿ ಸಮುದ್ರ ಇದೆ, ಆದರೆ ಆ ಸಮುದ್ರ ನೋಡಿಯೇ ಬಂದ ಮೇಷ್ಟ್ರುಗಳು ಇರುವ ಕೆಲಸಕ್ಕಿಂತ ಜಾಸ್ತಿ. ಥಾಯ್ಲೆಂಡಿನ ಚಿಯಾಂಗ್ ಮಾಯ್ ಎಲ್ಲರಿಗೂ ಇಷ್ಟ. ಫೆಬ್ರವರಿಯಿಂದ ಏಪ್ರಿಲ್ ತನಕ ಕಾಡು, ಗದ್ದೆ ಸುಡುವ ಹೊಗೆ ಕಣಿವೆಯಲ್ಲಿ ಕೂತಿರುತ್ತದೆ ಅನ್ನುವುದು ಡಿಸೆಂಬರಿನಲ್ಲಿ ಹೋಗಿ ನೋಡಿ ಬಂದವರಿಗೆ ಗೊತ್ತಾಗುವುದಿಲ್ಲ. ಆಸ್ತಮಾ ಇರುವವರಿಗೆ ಆ ಊರು ಬೇಡವೇ ಬೇಡ. ದಕ್ಷಿಣ ಅಮೆರಿಕದ ಬೊಗೋಟಾ 2,600 ಮೀಟರ್ ಎತ್ತರದಲ್ಲಿದೆ, ಕೀಟೋ 2,800 ದಾಟುತ್ತದೆ. ಮೊದಲ ವಾರ ಮೆಟ್ಟಿಲು ಹತ್ತಿ ತರಗತಿಗೆ ಹೋಗುವಷ್ಟರಲ್ಲೇ ಏದುಸಿರು.

ಊರಿನ ಗಾತ್ರದ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮೊದಲ ಸಲ ಹೊರಗೆ ಹೋಗುವವರಿಗೆ ರಾಜಧಾನಿ ಒಳ್ಳೆಯದು. ಎರಡನೇ, ಮೂರನೇ ಸಲದವರಿಗೆ ಎರಡನೇ ಸಾಲಿನ ನಗರ ಮೇಲು. ಸಿಯೋಲ್ ಬದಲು ದೇಗು ಅಥವಾ ಬೂಸಾನ್, ಟೋಕಿಯೊ ಬದಲು ಫುಕುವೋಕಾ, ತೈಪೇ ಬದಲು ತೈನಾನ್, ಮ್ಯಾಡ್ರಿಡ್ ಬದಲು ಗ್ರನಾಡಾ. ಬಾಡಿಗೆ ಕಮ್ಮಿ, ಓಡಾಟ ಕಮ್ಮಿ, ಅಂಗಡಿಯವರು ಎರಡನೇ ವಾರಕ್ಕೇ ಗುರುತು ಹಿಡಿಯುತ್ತಾರೆ. ಇಂಗ್ಲಿಷ್ ಬಲ್ಲವರು ಕಮ್ಮಿ ಇರುವುದರಿಂದ ಭಾಷೆಯೂ ತಾನಾಗಿ ನಾಲಿಗೆಗೆ ಬರುತ್ತದೆ. ಒಂದೇ ಎಚ್ಚರ: ಕೆಲಸ ಹೋದರೆ ಇನ್ನೊಂದು ಸಿಗುವಷ್ಟು ಶಾಲೆಗಳು ಆ ಊರಿನಲ್ಲಿವೆಯೇ ಅಂತ ನೋಡಿಕೊಳ್ಳಿ.

ಸಾಧ್ಯವಿದ್ದರೆ ರಜೆಯಲ್ಲಿ ಒಂದು ವಾರ ಹೋಗಿ ಇದ್ದು ಬನ್ನಿ. ಪ್ರವಾಸಿ ಜಾಗ ಬಿಟ್ಟು, ಶಾಲೆ ಇರುವ ಬಡಾವಣೆಯಲ್ಲಿ ಕೋಣೆ ಹಿಡಿಯಿರಿ. ಬೆಳಗ್ಗೆ ಕೆಲಸಕ್ಕೆ ಹೋಗುವ ಹೊತ್ತಿಗೆ ಬಸ್ ಹತ್ತಿ ನೋಡಿ. ರಾತ್ರಿ ಕೆಲಸ ಬಿಡುವ ಹೊತ್ತಿಗೆ ಅದೇ ದಾರಿಯಲ್ಲಿ ನಡೆದು ಬನ್ನಿ. ಹೆಣ್ಣುಮಕ್ಕಳಿಗೆ ಈ ಎರಡನೇ ಪರೀಕ್ಷೆ ಊರಿನ ಬಗ್ಗೆ ಬರೆದ ಎಲ್ಲ ಲೇಖನಗಳಿಗಿಂತ ಜಾಸ್ತಿ ಹೇಳುತ್ತದೆ.

6. ಮನೆಯವರು, ಮಾತ್ರೆಗಳು

ಜೊತೆಗೆ ಸಂಗಾತಿ ಬರುವುದಾದರೆ ಅವರಿಗೆ ಯಾವ ವೀಸಾ, ಅದರಲ್ಲಿ ಕೆಲಸ ಮಾಡಬಹುದೇ ಅಂತ ಮೊದಲು ನೋಡಿ. ಜಪಾನಿನ ಅವಲಂಬಿತ ವೀಸಾದಲ್ಲಿ ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು. ಎಲ್ಲ ದೇಶಗಳೂ ಇಷ್ಟು ಉದಾರಿಗಳಲ್ಲ. ಮದುವೆಯಾಗದ ಜೋಡಿಗಳಿಗೆ, ಸಲಿಂಗಿ ಜೋಡಿಗಳಿಗೆ ಕೆಲವು ದೇಶಗಳಲ್ಲಿ ಈ ಬಾಗಿಲು ಇಲ್ಲವೇ ಇಲ್ಲ. ಮಕ್ಕಳಿದ್ದರೆ ಶಾಲಾ ಶುಲ್ಕವೇ ನಿಮ್ಮ ಸಂಬಳವನ್ನು ನುಂಗುತ್ತದೆ. ಅಂಥವರು ಮಕ್ಕಳಿಗೆ ಉಚಿತ ಸೀಟು ಕೊಡುವ ಇಂಟರ್‌ನ್ಯಾಷನಲ್ ಶಾಲೆಗಳನ್ನು ಬಿಟ್ಟು ಬೇರೆ ಕಡೆ ನೋಡುವುದೇ ಕಷ್ಟ.

ದಿನಾ ಔಷಧ ತೆಗೆದುಕೊಳ್ಳುವವರು ಅದರ ರಾಸಾಯನಿಕ ಹೆಸರು ಬರೆದಿಟ್ಟುಕೊಂಡು ಆ ದೇಶದ ನಿಯಮ ನೋಡಬೇಕು. ಗಮನ ಕೊರತೆಗೆ ಕೊಡುವ ಅಡೆರಾಲ್ ಜಪಾನಿನಲ್ಲಿ ವೈದ್ಯರ ಚೀಟಿ ಇದ್ದರೂ ನಿಷಿದ್ಧ. ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಯುಎಇಯಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ, ಮುಂಚೆ ಅನುಮತಿ ಇಲ್ಲದೆ ಒಯ್ದರೆ ಪೊಲೀಸ್ ಕೇಸಾಗಬಹುದು.

7. ಕ್ಯಾಲೆಂಡರ್ ಮತ್ತು ಸೀಲುಗಳು

ಪ್ರತಿ ದೇಶಕ್ಕೂ ಅದರದೇ ಋತು ಇದೆ. ಜಪಾನಿನ ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರು, ಕೊರಿಯಾದ್ದು ಮಾರ್ಚ್‌ನಲ್ಲಿ, ಥಾಯ್ಲೆಂಡಿನದು ಮೇಯಲ್ಲಿ, ಚೀನಾದ್ದು ಸೆಪ್ಟೆಂಬರ್‌ನಲ್ಲಿ. ಎಪಿಕ್ ವರ್ಷಕ್ಕೆರಡು ಸಲ, ಫೆಬ್ರವರಿ ಮತ್ತು ಆಗಸ್ಟ್ ಕೊನೆಗೆ ಜನರನ್ನು ತೆಗೆದುಕೊಳ್ಳುತ್ತದೆ. ಜೆಟ್‌ಗೆ ಹಿಂದಿನ ವರ್ಷದ ಶರತ್ಕಾಲದಲ್ಲೇ ಅರ್ಜಿ ಹಾಕಬೇಕು, ಹೋಗುವುದು ಬೇಸಿಗೆಯಲ್ಲಿ. ಆಗಸ್ಟ್‌ನಲ್ಲಿ ಶುರುವಾಗುವ ಇಂಟರ್‌ನ್ಯಾಷನಲ್ ಶಾಲೆಗಳ ಒಳ್ಳೆಯ ಹುದ್ದೆಗಳು ಚಳಿಗಾಲದಲ್ಲೇ ತುಂಬಿಹೋಗಿರುತ್ತವೆ. ಭಾಷಾ ಕೇಂದ್ರಗಳು ವರ್ಷವಿಡೀ ತೆಗೆದುಕೊಳ್ಳುತ್ತವೆ. ನಿಮ್ಮ ಈಗಿನ ಕಾಂಟ್ರಾಕ್ಟ್ ಮುಗಿಯುವ ತಿಂಗಳಿಗೂ ಅಲ್ಲಿಯ ತಿಂಗಳಿಗೂ ಎಷ್ಟು ಅಂತರ ಅಂತ ನೋಡಿ. ಆ ಅಂತರದಲ್ಲಿ ಸಂಬಳ ಇರುವುದಿಲ್ಲ, ಎಷ್ಟೋ ಸಲ ಆರೋಗ್ಯ ವಿಮೆಯೂ ಇರುವುದಿಲ್ಲ.

ಡಿಗ್ರಿ ಪ್ರಮಾಣಪತ್ರಕ್ಕೆ, ಪೊಲೀಸ್ ಕ್ಲಿಯರೆನ್ಸಿಗೆ ಅಪೊಸ್ಟಿಲ್ (ಕಾಗದ ಅಸಲಿ ಅಂತ ಬೇರೆ ದೇಶಗಳು ಒಪ್ಪುವಂತೆ ಸರ್ಕಾರ ಹಾಕುವ ಸೀಲು) ಮಾಡಿಸುವ ಕೆಲಸವನ್ನು ದೇಶ ಗೊತ್ತಾದ ಮೇಲೆ ಮಾಡೋಣ ಅಂತ ಬಿಡಬೇಡಿ. ಡಿಗ್ರಿಗಾದರೂ ಈಗಲೇ ಮಾಡಿಸಿ. ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಸಾಮಾನ್ಯವಾಗಿ ಆ ಒಂದು ಸೀಲು ಸಾಕು. ಸೌದಿ ಅರೇಬಿಯಾದಲ್ಲಿ ಅದು 2022ರ ಡಿಸೆಂಬರಿನಿಂದ, ಚೀನಾದಲ್ಲಿ 2023ರ ನವೆಂಬರಿನಿಂದ ಜಾರಿಯಲ್ಲಿದೆ. ಯುಎಇಗೆ ಮಾತ್ರ ಡಿಗ್ರಿ ಪಡೆದ ದೇಶದ ವಿದೇಶಾಂಗ ಇಲಾಖೆ, ಆಮೇಲೆ ಯುಎಇ ರಾಯಭಾರ ಕಚೇರಿ, ಆಮೇಲೆ ಅಲ್ಲಿಯ ಸಚಿವಾಲಯ ಅಂತ ಮೆಟ್ಟಿಲು ಮೆಟ್ಟಿಲಾಗಿ ಅಟೆಸ್ಟೇಷನ್ ಆಗಬೇಕು. ಪೊಲೀಸ್ ಕ್ಲಿಯರೆನ್ಸ್ ಬೇಗ ಹಳಸುತ್ತದೆ. ಕೊರಿಯಾಕ್ಕೆ ಆರು ತಿಂಗಳೊಳಗಿನದು ಬೇಕು. ಈಗಿರುವ ದೇಶದ ಪೊಲೀಸರಿಂದಲೂ ಒಂದು ಪತ್ರ ಕೇಳುವ ದೇಶಗಳಿವೆ, ಆ ಊರು ಬಿಟ್ಟ ಮೇಲೆ ಅದನ್ನು ತರಿಸುವುದು ದೊಡ್ಡ ತಲೆನೋವು. ಇರುವಾಗಲೇ ತೆಗೆದಿಟ್ಟುಕೊಳ್ಳಿ.

8. ಕಾಂಟ್ರಾಕ್ಟ್ ಓದುವುದು, ಮೇಷ್ಟ್ರನ್ನು ಮಾತಾಡಿಸುವುದು

ಕೆಲಸ ಕೊಡುತ್ತೇವೆ ಅಂದವರಿಗೆ ಎರಡು ಸಂಗತಿ ಕೇಳಿ: ಪೂರ್ತಿ ಕಾಂಟ್ರಾಕ್ಟಿನ ಪ್ರತಿ, ಈಗ ಅಲ್ಲಿ ಕೆಲಸ ಮಾಡುತ್ತಿರುವ ಒಬ್ಬ ವಿದೇಶಿ ಶಿಕ್ಷಕರ ಜೊತೆ ಮಾತಾಡುವ ಅವಕಾಶ. ಎರಡನೆಯದಕ್ಕೆ ನೆಪ ಹೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಕಾಂಟ್ರಾಕ್ಟಿನಲ್ಲಿ ಏನು ನೋಡಬೇಕು ಅನ್ನುವುದಕ್ಕೆ ಕೊರಿಯಾದ ಒಂದು ಉದಾಹರಣೆ ಕೊಡುತ್ತೇನೆ. 'ಸಂಬಳದಲ್ಲಿ 3.3 ಶೇಕಡಾ ಮಾತ್ರ ಕಡಿತ' ಅಂತ ಒಂದು ಸಾಲು ಇರುತ್ತದೆ. ನೋಡಿದರೆ ಖುಷಿಯಾಗುತ್ತದೆ, ತೆರಿಗೆ ಎಷ್ಟು ಕಮ್ಮಿ ಅಲ್ವಾ ಅಂತ. ನಿಜಕ್ಕೂ ಆ ಸಾಲಿನ ಅರ್ಥ ನಿಮ್ಮನ್ನು ನೌಕರ ಅಂತ ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಸ್ವತಂತ್ರ ಗುತ್ತಿಗೆದಾರ ಅಂತ ಬರೆದಿದ್ದಾರೆ ಅನ್ನುವುದು. ಆಗ ಶಾಲೆ ನಿಮ್ಮ ಪಿಂಚಣಿಗೆ ತನ್ನ ಪಾಲು ಕಟ್ಟುವುದಿಲ್ಲ. ವರ್ಷ ಮುಗಿಸಿದವರಿಗೆ ಕಾನೂನು ಪ್ರಕಾರ ಬರಬೇಕಾದ ಒಂದು ತಿಂಗಳ ಸಂಬಳದಷ್ಟು ನಿವೃತ್ತಿ ಹಣಕ್ಕೂ ಕೊಕ್ಕೆ ಹಾಕುತ್ತಾರೆ. ಅದೇ ಹಣ ಉಳಿಸಲು ಹನ್ನೊಂದೇ ತಿಂಗಳ ಕಾಂಟ್ರಾಕ್ಟ್ ಬರೆಯುವವರೂ ಇದ್ದಾರೆ.

ಕೊಲ್ಲಿ ದೇಶಗಳಲ್ಲಿ ನೋಡಬೇಕಾದದ್ದು ಮೂಲ ವೇತನ. ಯುಎಇಯಲ್ಲಿ ಕೆಲಸ ಬಿಡುವಾಗ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಲೆಕ್ಕದಲ್ಲಿ ಗ್ರಾಚ್ಯುಟಿ ಕೊಡುತ್ತಾರೆ, ಅದು ಮೂಲ ವೇತನದ ಮೇಲೆ. ಒಟ್ಟು ಸಂಬಳ ದೊಡ್ಡದಾಗಿ ತೋರಿಸಿ ಅದರಲ್ಲಿ ಮುಕ್ಕಾಲು ಪಾಲು ಭತ್ಯೆ ಅಂತ ಬರೆದರೆ ಆ ಗ್ರಾಚ್ಯುಟಿ ಕೈಗೆ ಬರುವಾಗ ಕುಗ್ಗಿರುತ್ತದೆ.

ಇನ್ನು ಗಂಟೆಗಳು. 'ವಾರಕ್ಕೆ 25 ಗಂಟೆ' ಅಂದರೆ ಪಾಠದ ಗಂಟೆಯೋ, ಶಾಲೆಯಲ್ಲಿ ಇರಬೇಕಾದ ಗಂಟೆಯೋ? ಪಾಠದ ಗಂಟೆ ಅಂದರೆ 40 ನಿಮಿಷವೋ, 60 ನಿಮಿಷವೋ? 60 ನಿಮಿಷದ ಗಂಟೆ ಅಂತ ಹಿಡಿದು 40 ನಿಮಿಷದ ತರಗತಿಗಳನ್ನು ಕೊಟ್ಟರೆ 25 ಗಂಟೆ ಅಂದದ್ದು 37 ತರಗತಿಯಾಗುತ್ತದೆ. 37 ಸಲ ಹಾಜರಿ, 37 ಸಲ ಗಲಾಟೆ ನಿಲ್ಲಿಸುವುದು.

ಶಿಕ್ಷಕರ ಜೊತೆ ಮಾತಾಡುವಾಗ 'ಶಾಲೆ ಹೇಗಿದೆ?' ಅಂತ ಕೇಳಬೇಡಿ. 'ಚೆನ್ನಾಗಿದೆ' ಅನ್ನುತ್ತಾರೆ, ಮಾಲೀಕರು ಪಕ್ಕದಲ್ಲೇ ಇರಬಹುದು. ಉತ್ತರ ತಪ್ಪಿಸಿಕೊಳ್ಳಲಾಗದ ಪ್ರಶ್ನೆ ಕೇಳಿ. ಕಳೆದ ಮಂಗಳವಾರ ಎಷ್ಟು ಗಂಟೆಗೆ ಶಾಲೆಗೆ ಹೋದಿರಿ, ಎಷ್ಟಕ್ಕೆ ಮನೆಗೆ ಬಂದಿರಿ? ಹೋದ ತಿಂಗಳ ಸಂಬಳ ಯಾವ ತಾರೀಕಿಗೆ ಬಂತು? ಹುಷಾರಿಲ್ಲದಾಗ ಕೊನೆಯ ಸಲ ರಜೆ ಕೇಳಿದಾಗ ಏನಾಯಿತು? ನಿಮಗಿಂತ ಮೊದಲು ಇದ್ದವರು ವರ್ಷ ಮುಗಿಸಿದರಾ? ನಾನು ಹೀಗೆ ಕೇಳಿದ ಒಬ್ಬರು ಸಂಬಳದ ಪ್ರಶ್ನೆಗೆ ಒಂದು ಕ್ಷಣ ಸುಮ್ಮನಿದ್ದು, 'ಈ ತಿಂಗಳು ಎರಡು ಕಂತಿನಲ್ಲಿ ಬಂತು' ಅಂದರು. ಬೇರೇನೂ ಕೇಳಬೇಕಾಗಲಿಲ್ಲ. ಮನೆ ಶಾಲೆಯದ್ದಾದರೆ ಫೋನಿನಲ್ಲಿ ಕೋಣೆ ತೋರಿಸಲು ಹೇಳಿ, ಕಿಟಕಿ ತೆರೆದು ಹೊರಗೂ ತೋರಿಸಲು ಹೇಳಿ. ಗೋಡೆಯ ಮೂಲೆಯಲ್ಲಿ ಬೂಷ್ಟು ಇದ್ದರೆ ಅಲ್ಲೇ ಕಾಣುತ್ತದೆ.

'ಟೂರಿಸ್ಟ್ ವೀಸಾದಲ್ಲಿ ಬನ್ನಿ, ಇಲ್ಲಿಗೆ ಬಂದ ಮೇಲೆ ಸರಿ ಮಾಡೋಣ' ಅಂದರೆ ಎಚ್ಚರ. ಕೆಲವು ದೇಶಗಳಲ್ಲಿ ಕಾನೂನುಬದ್ಧವಾಗಿಯೇ ಒಳಗೆ ಬಂದು ವೀಸಾ ಬದಲಿಸಬಹುದು, ಅದನ್ನು ಸರ್ಕಾರದ ಜಾಲತಾಣದಲ್ಲಿ ನೀವೇ ಓದಿ ಖಚಿತ ಮಾಡಿಕೊಳ್ಳಿ. ಚೀನಾದಲ್ಲಿ ತಪ್ಪು ವೀಸಾದಲ್ಲಿ ಪಾಠ ಮಾಡಿ ಸಿಕ್ಕಿಬಿದ್ದರೆ ಲಾಕಪ್ಪು, ಗಡೀಪಾರು ನಿಮಗೆ. ಶಾಲೆಯವರು ದಂಡ ಕಟ್ಟಿ ಇನ್ನೊಬ್ಬರನ್ನು ಕರೆಸಿಕೊಳ್ಳುತ್ತಾರೆ.

9. ಹೊರಗೆ ಬರುವ ದಾರಿ ಯಾವುದು?

ಸೇರುವ ಮೊದಲೇ ಬಿಡುವ ದಾರಿ ನೋಡಿಟ್ಟುಕೊಳ್ಳಿ. ಕೊರಿಯಾದ ಇ-2 ವೀಸಾ ಶಾಲೆಗೆ ಅಂಟಿಕೊಂಡಿರುತ್ತದೆ. ಮಧ್ಯದಲ್ಲಿ ಬೇರೆ ಶಾಲೆಗೆ ಹೋಗಬೇಕಾದರೆ ಹಳೆಯವರ ಬಿಡುಗಡೆ ಪತ್ರ ಬೇಕಾಗುತ್ತದೆ. ಚೀನಾದಲ್ಲೂ ಹಳೆಯ ಶಾಲೆ ಬಿಡುಗಡೆ ಕಾಗದ ಕೊಡದೆ ಸತಾಯಿಸಿದರೆ ಹೊಸ ಪರವಾನಗಿ ಆಗುವುದಿಲ್ಲ. ಜಪಾನಿನಲ್ಲಿ ಹಾಗಿಲ್ಲ. ವೀಸಾ ನಿಮ್ಮದು. ಕೆಲಸ ಬಿಟ್ಟರೆ 14 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಿ, ಅದೇ ಬಗೆಯ ಬೇರೆ ಕೆಲಸ ಹುಡುಕಿಕೊಳ್ಳಬಹುದು. ಸಂಬಳ ಸ್ವಲ್ಪ ಕಮ್ಮಿಯಾದರೂ ಈ ಸ್ವಾತಂತ್ರ್ಯಕ್ಕೆ ನಾನು ಜಾಸ್ತಿ ಅಂಕ ಕೊಡುತ್ತೇನೆ. ಕೆಟ್ಟ ಮಾಲೀಕ ಎಲ್ಲಿ ಬೇಕಾದರೂ ಸಿಗಬಹುದು. ಅವನನ್ನು ಬಿಟ್ಟು ಹೋಗಲು ದೇಶವನ್ನೇ ಬಿಡಬೇಕಾ ಅನ್ನುವುದು ಪ್ರಶ್ನೆ.

ಜೊತೆಗೆ ಇವನ್ನೂ ನೋಡಿ: ಮಧ್ಯದಲ್ಲಿ ಬಿಟ್ಟರೆ ವಿಮಾನದ ಟಿಕೆಟ್ ದುಡ್ಡು ವಾಪಸ್ ಕೇಳುತ್ತಾರಾ, ದಂಡ ಎಷ್ಟು, ನೋಟಿಸ್ ಎಷ್ಟು ದಿನ, ಮನೆ ಎಷ್ಟು ದಿನದಲ್ಲಿ ಖಾಲಿ ಮಾಡಬೇಕು. ಮೊದಲ ಮೂರು ತಿಂಗಳು ವಾಪಸ್ ಟಿಕೆಟ್‌ಗೆ ಆಗುವಷ್ಟು ದುಡ್ಡನ್ನು ಮುಟ್ಟದೆ ಇಡಿ.

ಕೊನೆಗೆ ಎರಡು ಊರು ಉಳಿದು, ಎರಡೂ ಸಮ ಅನ್ನಿಸಿದರೆ, ಮೂರು ವರ್ಷದ ಮೇಲೆ ಯಾವ ಕೆಲಸದಲ್ಲಿರಬೇಕು ಅಂತಿದ್ದೀರೋ ಅದಕ್ಕೆ ಯಾವ ಊರಿನ ಅನುಭವ ಲೆಕ್ಕಕ್ಕೆ ಬರುತ್ತದೆ ಅಂತ ನೋಡಿ. ವಿಶ್ವವಿದ್ಯಾಲಯಕ್ಕೆ ಹೋಗಬೇಕು ಅನ್ನುವವರಿಗೆ ವಯಸ್ಕರಿಗೆ ಕಲಿಸಿದ ವರ್ಷ ಬೇಕು, ನರ್ಸರಿ ಹಾಡು ಹೇಳಿಸಿದ ವರ್ಷ ಲೆಕ್ಕಕ್ಕಿಲ್ಲ. ಅದೂ ಸಮ ಅನ್ನಿಸಿದರೆ ಬೇಗ ಕಾಂಟ್ರಾಕ್ಟ್ ಕಳಿಸಿದವರಿಗೇ ಹೂಂ ಅನ್ನಿ.

ಹೂಂ ಅಂದ ಮೇಲೂ ಈಗಿನ ಶಾಲೆಗೆ ರಾಜೀನಾಮೆ ಕೊಡಲು ಅವಸರ ಬೇಡ. ಹೊಸ ಕಾಂಟ್ರಾಕ್ಟಿಗೆ ಎರಡೂ ಕಡೆಯ ಸಹಿ ಬೀಳಲಿ, ವೀಸಾ ನಂಬರ್ ಬರಲಿ. ಆಮೇಲೆ ಇಲ್ಲಿಯ ಅನುಭವ ಪತ್ರ, ತೆರಿಗೆ ಕಟ್ಟಿದ ದಾಖಲೆ ತಗೊಳ್ಳಿ. ಪಿಂಚಣಿ ವಾಪಸಾತಿಗೆ ಅರ್ಹರಿದ್ದರೆ ಆ ಫಾರಂ ತುಂಬಿಡಿ. ಜಪಾನಿನಲ್ಲಿ ದೇಶ ಬಿಟ್ಟು ಎರಡು ವರ್ಷದೊಳಗೆ ಕೇಳದಿದ್ದರೆ ಆ ಹಣ ಹೋಯಿತು. ಬ್ಯಾಂಕ್ ಖಾತೆಯನ್ನು ಮಾತ್ರ ಕೊನೆಯ ಸಂಬಳ, ಠೇವಣಿ ಎಲ್ಲ ಬಂದು ಬೀಳುವ ತನಕ ಮುಚ್ಚಬೇಡಿ.